ಕಿರುಬೆರಳಿಗೆ 11 ಷಿಲಿಂಗ್

ಹೆಬ್ಬೆರಳು ಕತ್ತರಿಸಿದರೆ 20 ಷಿಲಿಂಗ್. ಹೆಬ್ಬೆರಳಿನ ಉಗುರು ಹೋದರೆ 3. ಬಾಣ ಬಿಡುವ ತೋರುಬೆರಳಿಗೆ 9, ನಡುಬೆರಳಿಗೆ 4, ಉಂಗುರದ ಬೆರಳಿಗೆ 6, ಕಿರುಬೆರಳಿಗೆ 11. ಐದೂ ಬೆರಳುಗಳನ್ನು ಕೂಡಿಸಿ ನೋಡಿದರೆ 50 ಆಗುತ್ತದೆ. ಒಂದು ಕಣ್ಣು ಹೋದರೂ 50, ಒಂದು ಪಾದ ಹೋದರೂ 50. ಸುಮಾರು 1400 ವರ್ಷಗಳ ಹಿಂದೆ, ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್ ಎಂಬ ಸಣ್ಣ ರಾಜ್ಯದಲ್ಲಿ ಎಥೆಲ್‌ಬರ್ಟ್ ಎಂಬ ಅರಸ ಬರೆಸಿದ ಕಟ್ಟಳೆಗಳ ಲೆಕ್ಕ ಇದು. ಇಂಗ್ಲಿಷಿನಲ್ಲಿ ನಮಗೆ ಉಳಿದಿರುವ ಕಾನೂನುಗಳಲ್ಲಿ ಇದೇ ಮೊದಲನೆಯದು.

ಮೊದಲ ಸಲ ಓದಿದವರಿಗೆ ಮೈ ಜುಮ್ಮೆನ್ನುವುದು ಸಹಜ. ಮನುಷ್ಯನ ಮೈಯನ್ನು ತುಂಡು ತುಂಡು ಮಾಡಿ ಒಂದೊಂದಕ್ಕೂ ದರ ಬರೆದ ಹಾಗೆ ಕಾಣುತ್ತದೆ. ದುಡ್ಡಿದ್ದವನು ಕಣ್ಣು ಕಿತ್ತು 50 ಷಿಲಿಂಗ್ ಬಿಸಾಕಿ ಹೋಗಬಹುದಲ್ಲ ಎಂಬ ಸಿಟ್ಟೂ ಬರುತ್ತದೆ. ಯುರೋಪಿನ ಆ ಶತಮಾನಗಳನ್ನು ‘ಕತ್ತಲ ಯುಗ’ ಎಂದು ಕರೆದು ಮುಂದೆ ಸಾಗುವ ರೂಢಿ ನಮ್ಮ ಶಾಲಾ ಪುಸ್ತಕಗಳಿಗೂ ಇತ್ತು. ಈ ತೀರ್ಪು ಅನ್ಯಾಯದ್ದು ಎಂದು ನಾನು ವಾದಿಸುತ್ತೇನೆ. ಆ ಕಾಲದ ಇಂಗ್ಲೆಂಡಿನ, ಅಂದರೆ ಆಂಗ್ಲೋ ಸ್ಯಾಕ್ಸನ್ ಕಾನೂನಿನಲ್ಲಿ ಕ್ರೌರ್ಯ ಇತ್ತು, ಧಾರಾಳವಾಗಿಯೇ ಇತ್ತು. ಆದರೆ ಆ ಕ್ರೌರ್ಯವನ್ನು ಈ ದರಪಟ್ಟಿಯಲ್ಲಿ ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಿದ್ದಾರೆ.

ದರಪಟ್ಟಿ ಎಂದು ಮೂಗು ಮುರಿಯುವ ಮೊದಲು ನಮ್ಮದೇ ಕಾಯ್ದೆಯೊಂದನ್ನು ನೋಡಬೇಕು. ಬ್ರಿಟಿಷರ ಕಾಲದಲ್ಲಿ, 1923ರಲ್ಲಿ, ಕಾರ್ಮಿಕರ ನಷ್ಟಪರಿಹಾರ ಕಾಯ್ದೆ ಬಂತು. ಕೆಲಸದಲ್ಲಿ ಅಂಗ ಕಳೆದುಕೊಂಡವರ ದುಡಿಯುವ ಶಕ್ತಿ ಎಷ್ಟು ಕುಂದಿತು ಎಂದು ಅಳೆಯಲು ಅದಕ್ಕೊಂದು ಅನುಸೂಚಿ ಇತ್ತು. ಹೆಬ್ಬೆರಳಿಗೆ ಶೇ 30, ತೋರುಬೆರಳಿಗೆ ಶೇ 14, ನಡುಬೆರಳಿಗೆ ಶೇ 12, ಉಂಗುರದ ಬೆರಳು ಅಥವಾ ಕಿರುಬೆರಳಿಗೆ ಶೇ 7. ಯಂತ್ರಕ್ಕೆ ಕೈ ಕೊಟ್ಟ ಕಾರ್ಮಿಕನಿಗೆ ಈ ಪಟ್ಟಿ ಅವಮಾನವಲ್ಲ, ಆಸರೆ. ಮಾಲೀಕ ಚೌಕಾಸಿ ಮಾಡದ ಹಾಗೆ ಮೊದಲೇ ಬರೆದಿಟ್ಟ ಮಾತು ಅದು. ಕೆಂಟ್‌ನ ಪಟ್ಟಿಯೂ ಅದೇ ಕೆಲಸ ಮಾಡುತ್ತಿತ್ತು. ಅಲ್ಲಿ ಕಿರುಬೆರಳು ನಡುಬೆರಳಿಗಿಂತ ದುಬಾರಿಯಾದದ್ದು ಯಾಕೆ? ಕುಡುಗೋಲನ್ನೋ ಕೊಡಲಿಯನ್ನೋ ಬಿಗಿಯಾಗಿ ಹಿಡಿದು ನೋಡಿ, ಹಿಡಿತ ಕೂರುವುದು ಕಿರುಬೆರಳಿನ ಕಡೆಯಿಂದಲೇ. ಪಟ್ಟಿ ಬರೆಸಿದವರಿಗೆ ಕೈಯ ಕೆಲಸ ಚೆನ್ನಾಗಿ ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ದುಡಿಮೆಯ ಜೊತೆಗೆ ಮಾನವನ್ನೂ ಆ ಪಟ್ಟಿ ಅಳೆಯುತ್ತಿತ್ತು. ಹೊಡೆತದಿಂದ ಮೈ ಕಪ್ಪಗಾದರೆ, ಆ ಗುರುತು ಬಟ್ಟೆಯ ಹೊರಗೆ ಕಾಣುವಂತಿದ್ದರೆ ಒಂದೂವರೆ ಷಿಲಿಂಗ್, ಬಟ್ಟೆಯೊಳಗೆ ಮುಚ್ಚಿಹೋದರೆ ಒಂದೇ ಷಿಲಿಂಗ್. ನೋವು ಎರಡರಲ್ಲೂ ಒಂದೇ. ಆದರೆ ಮುಖದ ಮೇಲಿನ ಬಾಸುಂಡೆಯನ್ನು ಹೊತ್ತು ನಾಲ್ಕು ಜನರ ನಡುವೆ ನಡೆಯಬೇಕು, ನೋಡಿದವರೆಲ್ಲ ಕೇಳುತ್ತಾರೆ. ಆ ಅರ್ಧ ಷಿಲಿಂಗ್ ಅವಮಾನಕ್ಕೆ. ಜುಟ್ಟು ಹಿಡಿದರೆ ಅದಕ್ಕಿಂತಲೂ ಹೆಚ್ಚು, ಎರಡೂವರೆ ಷಿಲಿಂಗ್. ಗಾಯವಿಲ್ಲ, ರಕ್ತವಿಲ್ಲ, ಆದರೂ ಇಷ್ಟು ದಂಡ. ಜುಟ್ಟು ಹಿಡಿಸಿಕೊಂಡವನ ಸಂಕಟ ಏನೆಂದು ಕನ್ನಡ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಾಯಗಳ ಈ ಭಾಗ ಕೂದಲಿನಿಂದ ಶುರುವಾಗಿ ಕಿವಿ, ಕಣ್ಣು, ಹಲ್ಲು, ಕೈ, ತೊಡೆ ಎಂದು ಇಳಿಯುತ್ತ ಕಾಲುಗುರಿಗೆ ಮುಗಿಯುತ್ತದೆ. ಮುಡಿಯಿಂದ ಅಡಿಯವರೆಗೆ. ವಾಕ್ಯಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಹೀಗಾದರೆ ಇಷ್ಟು, ಹಾಗಾದರೆ ಅಷ್ಟು. ಓದು ಬರಹ ಇಲ್ಲದ ಜನ ತಮ್ಮ ಮೈಯನ್ನೇ ಪುಸ್ತಕ ಮಾಡಿಕೊಂಡು, ತಲೆಯಿಂದ ಕಾಲಿನವರೆಗೆ ಮುಟ್ಟಿಕೊಳ್ಳುತ್ತ ಬಾಯಿಪಾಠ ಹೇಳುತ್ತಿದ್ದ ಕಟ್ಟಳೆ ಇದಾಗಿತ್ತು ಎಂದು ಊಹಿಸಲು ಇಷ್ಟು ಸಾಕು. ರೋಮ್‌ನಿಂದ ಅಗಸ್ಟಿನ್ ಎಂಬ ಪಾದ್ರಿ 597ರಲ್ಲಿ ಕೆಂಟ್‌ಗೆ ಬಂದ. ಅವನ ಜೊತೆ ಲಿಪಿಯ ವಿದ್ಯೆಯೂ ಬಂತು. ಅರಸ ತನ್ನ ಹಿರಿಯರನ್ನು ಕೂಡಿಸಿ, ರೋಮನ್ನರ ಮಾದರಿಯಲ್ಲಿ ಕಟ್ಟಳೆಗಳನ್ನು ಬರೆಸಿದ ಎಂದು 731ರಲ್ಲಿ ಇತಿಹಾಸ ಬರೆದು ಮುಗಿಸಿದ ಬೀಡ್ ಹೇಳುತ್ತಾನೆ. ಮಾದರಿ ರೋಮನ್ನರದು, ಭಾಷೆ ಮಾತ್ರ ಊರಿನದು. ಆ ಕಡೆ ಯುರೋಪಿನ ಫ್ರಾಂಕ್ ಅರಸರು ತಮ್ಮ ಜನರ ಕಟ್ಟಳೆಯನ್ನು ಲ್ಯಾಟಿನ್‌ನಲ್ಲಿ ಬರೆಸಿದ್ದರು. ಇಂಗ್ಲಿಷ್ ಅರಸರು ಮಾತ್ರ 1066ರಲ್ಲಿ ನಾರ್ಮನ್ನರು ಬರುವ ತನಕ ನಾಲ್ಕೂವರೆ ಶತಮಾನ ಜನರಾಡುವ ಮಾತಿನಲ್ಲೇ ಕಾನೂನು ಬರೆಸಿದರು. ಆಮೇಲೆ ಲ್ಯಾಟಿನ್ ಬಂತು, ಫ್ರೆಂಚ್ ಬಂತು. ನ್ಯಾಯಾಲಯದಲ್ಲಿ ಆಡುವ ಫ್ರೆಂಚ್ ಜನರಿಗೆ ಅರ್ಥವಾಗುವುದಿಲ್ಲ, ವಾದ ಇಂಗ್ಲಿಷಿನಲ್ಲೇ ನಡೆಯಲಿ ಎಂಬ ಶಾಸನಕ್ಕಾಗಿ 1362ರವರೆಗೆ ಕಾಯಬೇಕಾಯಿತು. ತನ್ನ ಮೇಲಿನ ಆರೋಪ ತನಗೆ ಅರ್ಥವಾಗುವ ಭಾಷೆಯಲ್ಲಿ ಇರುವುದು ಎಷ್ಟು ದೊಡ್ಡ ಹಕ್ಕು ಎಂಬುದು ಅದನ್ನು ಕಳೆದುಕೊಂಡವರಿಗೆ ಗೊತ್ತು.

ಎಥೆಲ್‌ಬರ್ಟನ ಪಠ್ಯ ನಮಗೆ ಸಿಕ್ಕಿರುವುದು ಒಂದೇ ಒಂದು ಪ್ರತಿಯಲ್ಲಿ. 1120ರ ದಶಕದಲ್ಲಿ ರೋಚೆಸ್ಟರ್‌ನ ಚರ್ಚಿನಲ್ಲಿ ನಕಲು ಮಾಡಿದ ‘ಟೆಕ್ಸ್ಟಸ್ ರೊಫೆನ್ಸಿಸ್’ ಎಂಬ ಹಸ್ತಪ್ರತಿ ಅದು. 18ನೇ ಶತಮಾನದ ಆರಂಭದಲ್ಲಿ ಅದೂ ಒಮ್ಮೆ ನೀರಿಗೆ ಬಿದ್ದು, ನೀರಿನ ಕಲೆ ಹೊತ್ತು ಮೇಲೆ ಬಂತು.

ಈಗ ಕೊಲೆಯ ವಿಚಾರ. ಕೆಂಟ್‌ನಲ್ಲಿ ಸ್ವತಂತ್ರ ವ್ಯಕ್ತಿಯೊಬ್ಬನನ್ನು ಕೊಂದರೆ 100 ಷಿಲಿಂಗ್. ಅದರಲ್ಲಿ 20 ಷಿಲಿಂಗನ್ನು ತೆರೆದ ಗೋರಿಯ ಬಳಿಯೇ ಕೊಡಬೇಕು, ಉಳಿದದ್ದನ್ನು 40 ದಿನಗಳೊಳಗೆ. ‘ತೆರೆದ ಗೋರಿ’ ಎಂಬಲ್ಲಿ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಮಣ್ಣು ಮುಚ್ಚುವ ಮೊದಲು, ಸತ್ತವನ ಅಣ್ಣತಮ್ಮಂದಿರ ಕಣ್ಣೆದುರು, ಕೊಂದವನ ಕಡೆಯವರು ಬಂದು ನಿಲ್ಲಬೇಕು. ಮುಯ್ಯಿ ತೀರಿಸುವ ಸಿಟ್ಟು ಕುದಿಯುವ ಹೊತ್ತು ಅದೇ. ಕೈ ಕತ್ತಿಯ ಕಡೆಗೆ ಹೋಗುವ ಹೊತ್ತಿಗೆ ಸರಿಯಾಗಿ ತಪ್ಪೊಪ್ಪಿಗೆಯ ಮೊದಲ ಕಂತು ಕೈ ಸೇರಬೇಕು ಎಂದು ಕಟ್ಟಳೆ ಹೇಳುತ್ತದೆ. ಕೊಂದವನು ದೇಶ ಬಿಟ್ಟು ಓಡಿಹೋದರೂ ಅವನ ಬಂಧುಗಳು ಅರ್ಧ ತೆರಬೇಕು. ಈ ಹಣಕ್ಕೆ ವೆರ್‌ಗಿಲ್ಡ್ ಎಂಬ ಹೆಸರು, ‘ಮನುಷ್ಯನ ಬೆಲೆ’ ಎಂದು ಅರ್ಥ. ನಮ್ಮಲ್ಲಿ ತಲೆದಂಡ ಎಂದರೆ ತಲೆಯನ್ನೇ ತೆರುವುದು. ಅವರು ತಲೆ ಉಳಿಯಲಿ ಎಂದು ದಂಡ ತೆರುತ್ತಿದ್ದರು.

ಅಲ್ಲಿ ಪೊಲೀಸರಿರಲಿಲ್ಲ, ಜನರನ್ನು ವರ್ಷಗಟ್ಟಲೆ ಕೂಡಿಹಾಕುವ ಜೈಲುಗಳಿರಲಿಲ್ಲ ಎಂಬುದನ್ನು ಮರೆಯಬಾರದು. ಒಂದು ಕೊಲೆಗೆ ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಎರಡು ಮನೆತನಗಳು ಮಕ್ಕಳ ಕಾಲದವರೆಗೂ ಕಡಿದಾಡುವುದನ್ನು ತಡೆಯಲು ಇದ್ದದ್ದು ಮಾತು, ಹಣ, ಮತ್ತು ನಡುವೆ ನಿಲ್ಲುವ ಜನ. 939ರಿಂದ 946ರವರೆಗೆ ಇಂಗ್ಲೆಂಡನ್ನು ಆಳಿದ ಎಡ್ಮಂಡ್ ಈ ಸಂಧಾನ ಹೇಗೆ ನಡೆಯಬೇಕೆಂದು ಹೆಜ್ಜೆ ಹೆಜ್ಜೆಯಾಗಿ ಬರೆಸಿದ್ದಾನೆ. ಕೊಂದವನು ಮೊದಲು ತನ್ನ ಪರವಾಗಿ ಮಾತಾಡುವವನಿಗೆ ವಚನ ಕೊಡಬೇಕು. ಅವನು ಹೋಗಿ ಸತ್ತವನ ಬಂಧುಗಳಿಗೆ ವಚನ ಕೊಡಬೇಕು. ಆಮೇಲೆ ಬಂಧುಗಳು, ಕೊಂದವನು ಹತ್ತಿರ ಬಂದರೆ ಏನೂ ಮಾಡುವುದಿಲ್ಲವೆಂದು ಒಪ್ಪಬೇಕು. ಆಗ ಅವನು ಬಂದು ತಾನೇ ಮಾತು ಕೊಡಬೇಕು, ಹೊಣೆಗಾರರನ್ನು ನಿಲ್ಲಿಸಬೇಕು, ಅರಸನ ಅಭಯ ನೆಲೆಯಾಗಬೇಕು. ಹಣ ಬರುವುದು ಇದಾದ ಮೇಲೆ, ಕಂತು ಕಂತಾಗಿ. ಇಷ್ಟು ನಿಧಾನ ಬೇಕೆಂದೇ ಮಾಡಿದ್ದು. ದ್ವೇಷಕ್ಕೆ ಆರಲು ದಿನಗಳು ಬೇಕು. ತಪ್ಪು ಯಾರದು ಎಂಬ ಪ್ರಶ್ನೆಗಿಂತ, ಇವರಿಬ್ಬರೂ ನಾಳೆ ಒಂದೇ ಊರಿನಲ್ಲಿ ಹೇಗೆ ಬಾಳಬೇಕು ಎಂಬ ಪ್ರಶ್ನೆ ಈ ಕಾನೂನಿಗೆ ದೊಡ್ಡದಾಗಿತ್ತು. ನಮ್ಮ ಕ್ರಿಮಿನಲ್ ನ್ಯಾಯಾಲಯಗಳು ಮೊದಲನೆಯದನ್ನು ಕೇಳಿ ನಿಲ್ಲುತ್ತವೆ. ಸತ್ತವನ ಮನೆಯವರು ಅಲ್ಲಿ ಹೆಚ್ಚಾಗಿ ಸಾಕ್ಷಿಗಳು. ಕೆಂಟ್‌ನಲ್ಲಿ ಅವರು ಗೋರಿಯ ಪಕ್ಕ, ವ್ಯವಹಾರದ ನಡುವೆ ಇದ್ದರು. ಈ ಒಂದು ವಿಷಯದಲ್ಲಿ ಅವರು ನಮಗಿಂತ ಹಿಂದಿದ್ದರು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಎಲ್ಲವೂ ನಿಂತದ್ದು ಆಣೆಯ ಮೇಲೆ. ಆಪಾದನೆ ಬಂದವನು ತಾನು ಮಾಡಿಲ್ಲವೆಂದು ಪ್ರಮಾಣ ಮಾಡುತ್ತಿದ್ದ, ಅವನ ಮಾತು ನಂಬತಕ್ಕದ್ದು ಎಂದು ಜೊತೆಗೆ ನಿಂತು ಪ್ರಮಾಣ ಮಾಡುವವರನ್ನು ಕರೆತರುತ್ತಿದ್ದ. ಇದನ್ನು ಮೌಢ್ಯ ಎನ್ನುವವರು ಒಂದು ಸಣ್ಣ ಹಳ್ಳಿಯನ್ನು ನೆನೆಯಬೇಕು. ದಿನಾ ಮುಖ ನೋಡುವ ನೆರೆಯವರು ದೇವರ ಹೆಸರಿನಲ್ಲಿ, ತಮ್ಮ ಪರಲೋಕವನ್ನು ಪಣಕ್ಕಿಟ್ಟು ನಿನ್ನ ಪಕ್ಕ ನಿಲ್ಲಬೇಕೆಂದರೆ ನೀನು ಅಲ್ಲಿಯವರೆಗೆ ಬಾಳಿದ ಬಾಳು ಅವರಿಗೆ ಗೊತ್ತಿರಬೇಕು. ಹಿಂದೆ ಕದ್ದವನಿಗೆ, ಸುಳ್ಳು ಆಣೆ ಇಟ್ಟವನಿಗೆ ಯಾರೂ ಬರುತ್ತಿರಲಿಲ್ಲ. ಹಾಗೆ ಮಾತು ಕಳೆದುಕೊಂಡವನಿಗೆ ಉಳಿದದ್ದು ನಮ್ಮ ಧರ್ಮಶಾಸ್ತ್ರಗಳು ‘ದಿವ್ಯ’ ಎಂದು ಕರೆದ ಪರೀಕ್ಷೆ: ಮೂರು ದಿನ ಉಪವಾಸದ ಊಟ, ಆಮೇಲೆ ಚರ್ಚಿನಲ್ಲಿ ಕಾದ ಕಬ್ಬಿಣ ಹಿಡಿದು ಒಂಬತ್ತು ಅಡಿ ನಡೆಯುವುದು, ಕೈಗೆ ಬಟ್ಟೆ ಕಟ್ಟಿ ಮೂರನೆಯ ದಿನ ಬಿಚ್ಚಿ ಗಾಯ ಕೀವು ಹಿಡಿದಿದೆಯೇ ಎಂದು ನೋಡುವುದು. ಇದನ್ನು ನಾನು ಸಮರ್ಥಿಸಲಾರೆ. ಆದರೆ ಅದು ಕೊನೆಯ ದಾರಿಯಾಗಿತ್ತು, ಮೊದಲನೆಯದಲ್ಲ.

ಮಾತು ಕಳೆದುಕೊಂಡ ಒಬ್ಬನ ಕತೆ ಒಂದು ಕಾಗದದಲ್ಲಿ ಉಳಿದಿದೆ. ಸುಮಾರು 920ರ ಹೊತ್ತಿಗೆ ಬರೆದ, ‘ಫಾಂಟ್‌ಹಿಲ್ ಪತ್ರ’ ಎಂದು ಹೆಸರಾದ ಈ ಓಲೆ ಕ್ಯಾಂಟರ್ಬರಿಯಲ್ಲಿದೆ. ಬರೆದವನು ಆರ್ಡ್‌ಲಾಫ್ ಎಂಬ ಅಧಿಕಾರಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಬರೆದದ್ದು ಅರಸ ಎಡ್ವರ್ಡನಿಗೆ. ಹೆಲ್ಮ್‌ಸ್ಟನ್ ಎಂಬವನು ಒಬ್ಬರ ಸೊಂಟಪಟ್ಟಿ ಕದ್ದು ಸಿಕ್ಕಿಬಿದ್ದ. ಕಳ್ಳನ ಆಣೆಗೆ ಇನ್ನು ಬೆಲೆಯಿಲ್ಲ ಎಂದು ತಿಳಿದ ಕೂಡಲೇ ಬೇರೆಯವರು ಅವನ ಭೂಮಿಯ ಮೇಲೆ ದಾವೆ ಹೂಡಿದರು. ಅವರಲ್ಲಿ ಮುಂದಿದ್ದವನು ಎಥೆಲ್‌ಹೆಲ್ಮ್ ಹಿಗ. ಹೆಲ್ಮ್‌ಸ್ಟನ್ ಓಡಿಬಂದದ್ದು ತನ್ನ ಧರ್ಮಪಿತ ಆರ್ಡ್‌ಲಾಫ್‌ನ ಬಳಿಗೆ. ಆರ್ಡ್‌ಲಾಫ್ ಎಡ್ವರ್ಡನ ತಂದೆ ಆಲ್ಫ್ರೆಡ್ ದೊರೆಯ ಹತ್ತಿರ ಅವನ ಪರವಾಗಿ ಮಾತಾಡಿದ. ದೊರೆ ಪಂಚರನ್ನು ನೇಮಿಸಿದ, ಅವರು ಹಳೆಯ ಭೂಪತ್ರ ಓದಿಸಿ ಕೇಳಿ ಹೆಲ್ಮ್‌ಸ್ಟನ್‌ಗೆ ಪ್ರಮಾಣ ಮಾಡುವ ಹಕ್ಕು ಕೊಟ್ಟರು. ಹಿಗ ಒಪ್ಪಲಿಲ್ಲ. ಎಲ್ಲರೂ ವಾರ್ಡರ್ ಎಂಬಲ್ಲಿ ದೊರೆಯ ಒಳಕೋಣೆಗೇ ಹೋದರು. ದೊರೆ ನಿಂತು ಕೈ ತೊಳೆಯುತ್ತಿದ್ದ. ಕೈ ತೊಳೆದಾದ ಮೇಲೆ, ಈ ತೀರ್ಪಿನಲ್ಲಿ ನ್ಯಾಯವಲ್ಲದ್ದು ಏನಿದೆ ಎಂದು ಹಿಗನನ್ನು ಕೇಳಿದ.

ಆ ದಿನ ಹೆಲ್ಮ್‌ಸ್ಟನ್ ಗೆದ್ದ. ನೆರವಿಗೆ ನಿಂತ ಧರ್ಮಪಿತನಿಗೆ ಭೂಮಿ ಬಿಟ್ಟುಕೊಟ್ಟು, ಬದುಕಿರುವ ತನಕ ಅನುಭವಿಸುವ ಒಪ್ಪಂದ ಮಾಡಿಕೊಂಡ. ಮತ್ತೆ ತಪ್ಪು ಮಾಡಬಾರದು ಎಂಬುದೇ ಷರತ್ತು. ಒಂದೂವರೆ ಎರಡು ವರ್ಷ ಆಗುವಷ್ಟರಲ್ಲಿ ಕಾವಲಿಲ್ಲದ ಎತ್ತುಗಳನ್ನು ಕದ್ದು ಹೊಡೆದುಕೊಂಡು ಹೋದ. ಹೆಜ್ಜೆಯ ಜಾಡು ಹಿಡಿದು ಬಂದವರಿಂದ ತಪ್ಪಿಸಿಕೊಳ್ಳುವಾಗ ಮುಳ್ಳುಪೊದೆ ಅವನ ಮುಖ ಗೀರಿತು. ನಾನಲ್ಲ ಎಂದು ಆಮೇಲೆ ವಾದಿಸಲು ಹೋದಾಗ ಆ ಗೀರುಗಳನ್ನೇ ತೋರಿಸಿದರು. ಆಣೆ, ದಿವ್ಯ ಎಂದು ಮಾತ್ರ ನಾವು ನೆನೆಯುವ ಕಾಲದಲ್ಲಿ ಜನ ಮುಖದ ಗೀರನ್ನು ಸಾಕ್ಷಿಯಾಗಿ ಓದುತ್ತಿದ್ದರು. ಅವನ ಆಸ್ತಿ ಹೋಯಿತು, ದೇಶಭ್ರಷ್ಟನೆಂದು ಸಾರಿದರು. ಕೊನೆಗೆ ಅವನು ಸತ್ತ ಆಲ್ಫ್ರೆಡ್ ದೊರೆಯ ಸಮಾಧಿಗೆ ಹೋಗಿ, ಅಲ್ಲಿಂದ ಮುದ್ರೆ ತಂದು ತೋರಿಸಿದ. ಎಡ್ವರ್ಡ್ ಕ್ಷಮಿಸಿ ಇರಲು ಒಂದು ಜಾಗ ಕೊಟ್ಟ. ಇಷ್ಟೆಲ್ಲ ಆದಮೇಲೂ ಹಿಗ ಅದೇ ಭೂಮಿಗಾಗಿ ಮತ್ತೆ ಬಂದಾಗ ಆರ್ಡ್‌ಲಾಫ್ ಈ ಓಲೆ ಬರೆದದ್ದು. ಹಣದಿಂದಲೂ ಆಣೆಯಿಂದಲೂ ಮುಗಿಸಲಾಗದಿದ್ದರೆ ಯಾವ ವ್ಯಾಜ್ಯ ತಾನೇ ಎಂದಾದರೂ ಮುಗಿದೀತು ಎಂದು ಅವನು ಅರಸನನ್ನು ಕೇಳುತ್ತಾನೆ. ಅಜ್ಜನ ಕಾಲದ ದಾವೆಯ ಕಾಗದವನ್ನು ಇಂದಿಗೂ ಚೀಲದಲ್ಲಿಟ್ಟುಕೊಂಡು ಕೋರ್ಟಿನ ಮೆಟ್ಟಿಲು ಹತ್ತುವ ಯಾರಾದರೂ ಕೇಳಬಹುದಾದ ಪ್ರಶ್ನೆ ಅದು.

ಗಮನಿಸಬೇಕಾದದ್ದು: ಈ ಇಡೀ ಪತ್ರದಲ್ಲಿ ಬರೆದಿಟ್ಟ ಕಾನೂನಿನ ಒಂದು ಕಲಮಿನ ಮಾತೂ ಬರುವುದಿಲ್ಲ. ಅದೇ ಆಲ್ಫ್ರೆಡ್ ಮೋಶೆಯ ಹತ್ತು ಆಜ್ಞೆಗಳಿಂದ ಶುರುಮಾಡಿ 120 ಅಧ್ಯಾಯಗಳ ದೊಡ್ಡ ಕಾನೂನು ಪುಸ್ತಕ ಮಾಡಿಸಿದ್ದವನು. ಓದಲು ಕಲಿಯದ ನ್ಯಾಯಾಧಿಕಾರಿಗಳು ಹುದ್ದೆ ಬಿಡಬೇಕೆಂದು ಅವನು ಗದರಿಸಿದ್ದನ್ನು ಅವನ ಚರಿತ್ರೆ ಬರೆದ ಅಸ್ಸರ್ ದಾಖಲಿಸಿದ್ದಾನೆ. ಆದರೂ ಆ ಕಾಲದ ವ್ಯಾಜ್ಯದ ದಾಖಲೆಗಳು ಪುಸ್ತಕವನ್ನು ಎತ್ತಿ ಹೇಳುವುದೇ ಅಪರೂಪ. ಇತಿಹಾಸಕಾರ ಪ್ಯಾಟ್ರಿಕ್ ವೊರ್ಮಲ್ಡ್ ಇದನ್ನೇ ಹಿಡಿದು, ಈ ಸಂಹಿತೆಗಳು ನ್ಯಾಯಾಲಯದ ಕೈಪಿಡಿಗಿಂತ ಅರಸುತನದ ಘೋಷಣೆಗಳಾಗಿದ್ದವು ಎಂದು ವಾದಿಸಿದರು. ನನಗೆ ಅದು ಬಹುಮಟ್ಟಿಗೆ ಸರಿಯೆನಿಸುತ್ತದೆ. ಕಾನೂನು ಬದುಕಿದ್ದದ್ದು ನಾಲ್ಕು ವಾರಕ್ಕೊಮ್ಮೆ ಬಯಲಿನಲ್ಲಿ ಸೇರುತ್ತಿದ್ದ ‘ಹಂಡ್ರೆಡ್’ ಎಂಬ ಹೋಬಳಿ ಸಭೆಗಳಲ್ಲಿ, ವರ್ಷಕ್ಕೆರಡು ಸಲ ಕೂಡುತ್ತಿದ್ದ ‘ಶೈರ್’ ಎಂಬ ಜಿಲ್ಲಾ ಸಭೆಗಳಲ್ಲಿ. ಆದರೆ ಪುಸ್ತಕಗಳಲ್ಲೂ ಹಳ್ಳಿಯ ಬುದ್ಧಿ ಎಷ್ಟೋ ಕಡೆ ಹಾಗೆಯೇ ಉಳಿದಿದೆ. ವೆಸೆಕ್ಸ್ ಎಂಬ ಇನ್ನೊಂದು ರಾಜ್ಯದ ಇನೆ ಎಂಬ ಅರಸ ಸುಮಾರು 690ರಲ್ಲಿ ಬರೆಸಿದ ಕಟ್ಟಳೆಯ ಪ್ರಕಾರ, ಬೇರೆಯವರ ಕಾಡಿನ ಮರವನ್ನು ಸುಟ್ಟವನು ಪೂರ್ತಿ 60 ಷಿಲಿಂಗ್ ದಂಡ ತೆರಬೇಕು, ಯಾಕೆಂದರೆ ಬೆಂಕಿ ಸದ್ದಿಲ್ಲದೆ ಕದಿಯುತ್ತದೆ. ಕಡಿದವನು ಎಷ್ಟು ಮರ ಕಡಿದರೂ ಮೂರು ಮರದ ದಂಡ ಕೊಟ್ಟರೆ ಸಾಕು. ಕೊಡಲಿ ಕೂಗಿ ಹೇಳುತ್ತದೆಯಲ್ಲ, ಕಾಡಿನ ಒಡೆಯ ಕೇಳಿಸಿಕೊಂಡು ಬರಬೇಕಿತ್ತು.

ಹಾಗಾದರೆ ಕ್ರೌರ್ಯ ಎಲ್ಲಿತ್ತು? ಬೆಲೆ ಕಟ್ಟಿದ್ದರಲ್ಲಿ ಅಲ್ಲ, ಒಬ್ಬೊಬ್ಬರಿಗೆ ಒಂದೊಂದು ಬೆಲೆ ಕಟ್ಟಿದ್ದರಲ್ಲಿ. ವೆಸೆಕ್ಸ್‌ನಲ್ಲಿ ಸಾಮಾನ್ಯ ರೈತನ ಪ್ರಾಣಕ್ಕೆ 200 ಷಿಲಿಂಗ್, ಕುಲೀನನ ಪ್ರಾಣಕ್ಕೆ 1200. ಆಣೆಗೂ ಅದೇ ಅಳತೆ, ಒಬ್ಬ ಕುಲೀನನ ಮಾತು ಆರು ರೈತರ ಮಾತಿಗೆ ಸಮ. ಒಂದು ಹೈಡ್, ಅಂದರೆ ಒಂದು ಕುಟುಂಬ ಬದುಕುವಷ್ಟು ಭೂಮಿಯಿದ್ದ ವೇಲ್ಸ್ ಮೂಲದವನಿಗೆ 120. ಊರಿಗೆ ಹೊಸಬನಾದವನು ದಾರಿ ಬಿಟ್ಟು ಕಾಡಿನಲ್ಲಿ ನಡೆಯುವಾಗ ಕೂಗದಿದ್ದರೆ, ಕೊಂಬು ಊದದಿದ್ದರೆ ಅವನನ್ನು ಕಳ್ಳನೆಂದೇ ಎಣಿಸಬಹುದಿತ್ತು. ನೆರೆಹೊರೆಯ ನಂಬಿಕೆಯ ಮೇಲೆ ಕಟ್ಟಿದ ನ್ಯಾಯದ ಇನ್ನೊಂದು ಮುಖ ಇದು. ನೆರೆಹೊರೆಯೇ ಇಲ್ಲದವನಿಗೆ ಅಲ್ಲಿ ನ್ಯಾಯವಿಲ್ಲ.

ಗುಲಾಮರಂತೂ ಈ ಲೆಕ್ಕದ ಹೊರಗಿದ್ದರು. ಕೆಂಟ್ ಅರಸನ ದಾಸಿಯ ಜೊತೆ ಯಾರಾದರೂ ಮಲಗಿದರೆ 50 ಷಿಲಿಂಗ್, ಅವಳು ಹಿಟ್ಟು ಬೀಸುವವಳಾಗಿದ್ದರೆ 25, ಮೂರನೆಯ ದರ್ಜೆಯವಳಾಗಿದ್ದರೆ 12. ಹಣ ಅವಳಿಗಲ್ಲ, ಅರಸನಿಗೆ. ಅವಳು ಒಪ್ಪಿದಳೇ, ಅತ್ತಳೇ ಎಂದು ಕೇಳುವ ವಾಕ್ಯವೇ ಇಲ್ಲ. ಬಟ್ಟೆಯ ಹೊರಗಿನ ಬಾಸುಂಡೆಗೂ ಒಳಗಿನ ಬಾಸುಂಡೆಗೂ ವ್ಯತ್ಯಾಸ ಕಂಡ ಸೂಕ್ಷ್ಮ ಕಣ್ಣಿಗೆ ಬೀಸುಕಲ್ಲಿನ ಮುಂದೆ ಕೂತ ಹೆಂಗಸು ಕಾಣಲಿಲ್ಲ. ಇದನ್ನು ಕಾಲದ ದೋಷ ಎಂದು ಬಿಟ್ಟುಬಿಡಲು ನಾನು ತಯಾರಿಲ್ಲ, ಯಾಕೆಂದರೆ ಅದೇ ಕಾಲದವರು ಬೇರೆ ಕಡೆ ಕಣ್ಣು ಬಿಟ್ಟು ನೋಡಿದ್ದಾರೆ. ಒಡೆಯನ ಆಜ್ಞೆಯಿಂದ ಭಾನುವಾರ ದುಡಿದ ಗುಲಾಮ ಸ್ವತಂತ್ರನಾಗುತ್ತಾನೆ ಎಂದು ಇನೆ ಬರೆಸಿದ. ವರ್ಷದಲ್ಲಿ ನಾಲ್ಕು ಬುಧವಾರಗಳು ಗುಲಾಮರಿಗೆ ಸೇರಿದವು, ಯಾರಾದರೂ ದೇವರ ಹೆಸರಿನಲ್ಲಿ ಕೊಟ್ಟದ್ದನ್ನು, ಬಿಡುವಿನಲ್ಲಿ ಗಳಿಸಿದ್ದನ್ನು ಅವರು ಮಾರಿಕೊಳ್ಳಲಿ ಎಂದು ಆಲ್ಫ್ರೆಡ್ ಬರೆಸಿದ. ವರ್ಷಕ್ಕೆ ನಾಲ್ಕು ದಿನ. ನಾರ್ಮನ್ನರು 1086ರಲ್ಲಿ ಡೂಮ್ಸ್‌ಡೇ ಲೆಕ್ಕ ಬರೆಸಿದಾಗಲೂ ದಾಖಲಾದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರು ಗುಲಾಮರೇ.

ಅರಸರ ಬಲ ಬೆಳೆದಂತೆ ಕಳ್ಳತನದ ಮೇಲಿನ ಸಿಟ್ಟೂ ಬೆಳೆಯಿತು. 924ರಿಂದ 939ರವರೆಗೆ ಆಳಿದ ಎಥೆಲ್‌ಸ್ಟನ್, 12 ವರ್ಷ ದಾಟಿದವನು 12 ಪೆನ್ನಿಗಿಂತ ಹೆಚ್ಚು ಬೆಲೆಯದ್ದನ್ನು ಕದ್ದರೆ ಮರಣದಂಡನೆ ಎಂದ. ಸಂಧಾನಕ್ಕೆ ಅಲ್ಲಿ ಜಾಗವಿರಲಿಲ್ಲ. ಆದರೆ ಆಮೇಲೆ ಅವನು ಬಿಷಪ್ ಥಿಯೊಡ್ರೆಡ್ ಮೂಲಕ ಹೇಳಿಕಳಿಸಿದ: ಇಷ್ಟು ಎಳೆಯರನ್ನು, ಇಷ್ಟು ಸಣ್ಣ ತಪ್ಪಿಗೆ ಎಲ್ಲೆಡೆ ಕೊಲ್ಲುತ್ತಿರುವುದು ಕೇಳಿ ಇದು ತೀರಾ ಕ್ರೂರವೆನಿಸುತ್ತಿದೆ. ಪ್ರತಿಭಟಿಸದ, ಓಡಿಹೋಗದ ಹುಡುಗರ ಮಟ್ಟಿಗೆ ವಯಸ್ಸು 15ಕ್ಕೆ ಏರಿತು. ಮೂರೇ ವರ್ಷ. ಆ ಮೂರು ವರ್ಷದೊಳಗೆ ಉಳಿದುಕೊಂಡ ಹುಡುಗರು ಎಷ್ಟೋ. ತಾನು ಮಾಡಿದ ಕಾನೂನು ಊರಿನಲ್ಲಿ ಏನು ಮಾಡುತ್ತಿದೆ ಎಂದು ಕಿವಿಗೊಟ್ಟು ಕೇಳಿಸಿಕೊಂಡ ದೊರೆಯನ್ನು ನಾನು ಗೌರವದಿಂದ ನೆನೆಯುತ್ತೇನೆ.

ಹಂಡ್ರೆಡ್, ಶೈರ್ ಸಭೆಗಳು ಹೇಗೆ ನಡೆಯುತ್ತಿದ್ದವು ಎಂದು ಹತ್ತಿರದಿಂದ ತೋರಿಸುವ ಇನ್ನೊಂದು ದಾಖಲೆ ಹೆರಫರ್ಡ್‌ನಲ್ಲಿದೆ. ಡೆನ್ಮಾರ್ಕಿನಿಂದ ಬಂದು ಇಂಗ್ಲೆಂಡನ್ನು ಆಳಿದ ಕ್ನೂಟ್ ದೊರೆಯ ಕಾಲ, 11ನೇ ಶತಮಾನದ ಆರಂಭ. ಶೈರ್ ಸಭೆ ಒಂದು ಕಲ್ಲಿನ ಬಳಿ ಕೂಡಿದೆ, ಬಿಷಪ್ ಇದ್ದಾರೆ, ಊರ ಪ್ರಮುಖರಿದ್ದಾರೆ. ಎಡ್ವಿನ್ ಎಂಬವನು ಎದ್ದು ಸ್ವಂತ ತಾಯಿಯ ಮೇಲೆ ಭೂಮಿಯ ದಾವೆ ಹೂಡುತ್ತಾನೆ. ತಾಯಿಯ ಪರ ಉತ್ತರ ಕೊಡುವವರು ಯಾರು ಎಂದು ಬಿಷಪ್ ಕೇಳುತ್ತಾರೆ. ಅವಳ ಬಂಧು ಲಿಯೋಫ್‌ಲೆಡ್‌ಳ ಗಂಡ ಥರ್ಕಿಲ್ ನಾನು ಕೊಡುತ್ತೇನೆ ಎನ್ನುತ್ತಾನೆ, ಆದರೆ ವಿವರ ಅವನಿಗೆ ಗೊತ್ತಿಲ್ಲ. ಆಗ ಸಭೆ ಮೂವರನ್ನು ಆರಿಸಿ ಕುದುರೆ ಹತ್ತಿಸಿ ಫಾಲಿ ಎಂಬ ಊರಿಗೆ, ಅವಳ ಮನೆಗೇ ಕಳಿಸುತ್ತದೆ. ಹೆಂಗಸಿನ ಹೇಳಿಕೆ ಕೇಳದೆ ಸಭೆ ಮುಂದೆ ಹೋಗುವುದಿಲ್ಲ.

ಮಗನಿಗೆ ಸೇರಬೇಕಾದ ಭೂಮಿ ನನ್ನಲ್ಲಿ ಯಾವುದೂ ಇಲ್ಲ ಎಂದು ಅವಳು ಹೇಳಿದಳು. ಹೇಳುತ್ತ ಹೇಳುತ್ತ ಸಿಟ್ಟು ಏರಿತು. ಪಕ್ಕದಲ್ಲಿದ್ದ ಲಿಯೋಫ್‌ಲೆಡ್‌ಳನ್ನು ಕರೆದು ಕೂರಿಸಿ, ನನ್ನ ಭೂಮಿ, ಬಂಗಾರ, ಬಟ್ಟೆಬರೆ ಎಲ್ಲವೂ ನನ್ನ ನಂತರ ಇವಳಿಗೆ ಎಂದಳು. ಬಂದವರ ಕಡೆ ತಿರುಗಿ, ಈ ಮಾತನ್ನು ಸಭೆಯಲ್ಲಿ ಎಲ್ಲರ ಮುಂದೆ ಹೇಳಿ, ನನ್ನ ಮಗನಿಗೆ ಏನೂ ಇಲ್ಲ ಎಂಬುದನ್ನೂ ಹೇಳಿ, ಅವರೆಲ್ಲ ಸಾಕ್ಷಿಯಾಗಿರಲಿ ಎಂದಳು. ಮೂವರೂ ಮರಳಿ ಬಂದು ಅವಳ ಮಾತನ್ನು ಸಭೆಗೆ ಒಪ್ಪಿಸಿದರು. ಥರ್ಕಿಲ್ ಎದ್ದು ನಿಂತು ಹೆಂಡತಿಯ ಪರವಾಗಿ ಸಭೆಯ ಒಪ್ಪಿಗೆ ಕೇಳಿದ, ಸಭೆ ಒಪ್ಪಿತು. ಅವನು ನೇರವಾಗಿ ಹೆರಫರ್ಡ್‌ನ ಚರ್ಚಿಗೆ ಕುದುರೆ ಓಡಿಸಿ, ನಡೆದದ್ದನ್ನು ಸುವಾರ್ತೆಯ ಪುಸ್ತಕವೊಂದರಲ್ಲಿ ಬರೆಸಿದ.

ಆ ಬರಹ ಇಂದಿಗೂ ಇದೆ. ಸಭೆಯಲ್ಲಿ ಕೂತವರ ಹೆಸರಿದೆ, ದಾವೆ ಹೂಡಿದ ಮಗನ ಹೆಸರಿದೆ, ಕುದುರೆ ಹತ್ತಿ ಹೋದ ಮೂವರ ಹೆಸರೂ ಇದೆ: ಫ್ರೋಮ್‌ನ ಲಿಯೋಫ್‌ವಿನ್, ಕೆಂಪಗಿನ ಎಥೆಲ್‌ಸಿಗೆ, ನಾವಿಕ ವಿನ್‌ಸಿಗೆ. ತಾಯಿಯ ಮಾತು ಪೂರ್ತಿಯಾಗಿ ಇದೆ. ಅವಳ ಹೆಸರನ್ನು ಮಾತ್ರ ಯಾರೂ ಬರೆಯಲಿಲ್ಲ.